ವಿಡಿಯೋ ನೋಡಿ ಖುಷಿಪಟ್ಟ ಮಕ್ಕಳು ಪರೀಕ್ಷೆಯಲ್ಲಿ ಯಾಕೆ ಬರೆಯಲಿಲ್ಲ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಒಂಬತ್ತನೇ ತರಗತಿಯಲ್ಲಿ 54 ಮಕ್ಕಳಿದ್ದಾರೆ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್, ಎರಡು ಲ್ಯಾಪ್‌ಟಾಪ್ ಇವೆ, ಬೀರುವಿನಲ್ಲಿ ಬೀಗ ಹಾಕಿಟ್ಟಿರುತ್ತಾರೆ. ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್ ಅಷ್ಟೇ. ಬಿ.ಎಡ್‌ನಲ್ಲಿ ಪಿಪಿಟಿ ಮಾಡುವುದು ಕಲಿತಿದ್ದೆ. 'ಚಲನೆ' ಪಾಠಕ್ಕೆ 18 ನಿಮಿಷದ ಅನಿಮೇಷನ್ ವಿಡಿಯೋ ತೋರಿಸಿದೆ. ಮಕ್ಕಳು ಕದಲದೆ ನೋಡಿದರು, 'ಮಿಸ್, ದಿನಾ ಹಿಂಗೇ ಮಾಡಿ' ಅಂದರು. ಒಂದು ವಾರ ಬಿಟ್ಟು ಕಿರು ಪರೀಕ್ಷೆಯಲ್ಲಿ ವೇಗ-ಕಾಲ ನಕ್ಷೆ ಕೇಳಿದರೆ 9 ಮಕ್ಕಳು ಮಾತ್ರ ಸರಿಯಾಗಿ ಬರೆದಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು 'ಇವೆಲ್ಲ ಬಿಡಿ ಮೇಡಂ, ಸುಮ್ನೆ ಬೋರ್ಡ್ ಮೇಲೆ ಪಾಠ ಮಾಡಿ' ಅನ್ನುತ್ತಾರೆ. ಹೆಚ್.ಎಂ. ಅವರಿಗೆ ಗ್ರೂಪಿಗೆ ಹಾಕಲು ಸ್ಮಾರ್ಟ್ ಕ್ಲಾಸ್ ಫೋಟೋ ಬೇಕು. ವಾಟ್ಸಾಪಿನಲ್ಲಿ ಹೋಂವರ್ಕ್ ಕೊಡಬಹುದಾ? ಪ್ರಶ್ನೆ ತಯಾರಿಸಲು ಚಾಟ್‌ಜಿಪಿಟಿ ಬಳಸಿದರೆ ತಪ್ಪಾ? ಎಲ್ಲಿಂದ ಶುರು ಮಾಡಲಿ? ಪಾಠದ ಮಧ್ಯೆ ಲ್ಯಾಪ್‌ಟಾಪ್ ಕೈಕೊಟ್ಟರೆ 54 ಮಕ್ಕಳ ಮುಂದೆ ಏನು ಮಾಡಲಿ ಅನ್ನುವ ಭಯವೂ ಇದೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ '9 ಮಕ್ಕಳು' ಅನ್ನುವ ಲೆಕ್ಕ. ವಿಡಿಯೋ ತೋರಿಸಿ, ಮಕ್ಕಳ ಮುಖದ ಖುಷಿ ನೋಡಿ, ಪಾಠ ಮುಗೀತು ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ನೀವು ಒಂದು ವಾರ ಬಿಟ್ಟು ಕೇಳಿದಿರಿ, ಬಂದದ್ದನ್ನು ಎಣಿಸಿದಿರಿ, ಮನಸ್ಸಿಗೆ ಹಚ್ಚಿಕೊಂಡಿರಿ. ಎಂಟು ತಿಂಗಳ ಶಿಕ್ಷಕಿಗೆ ಇದು ಸಣ್ಣ ವಿಷಯವಲ್ಲ.

ನೀವು ಕೇಳಿರುವುದು ಪ್ರೊಜೆಕ್ಟರ್, ವಾಟ್ಸಾಪ್, ಚಾಟ್‌ಜಿಪಿಟಿ ಬಗ್ಗೆ. ಆದರೆ ಎಲ್ಲದರ ಹಿಂದೆ ಇರುವ ಚಿಂತೆ ಒಂದೇ: ಮಕ್ಕಳಿಗೆ ಅಷ್ಟು ಇಷ್ಟವಾದದ್ದು ತಲೆಗೆ ಯಾಕೆ ಹತ್ತಲಿಲ್ಲ? ಇದಕ್ಕೆ ಉತ್ತರ ಸಿಕ್ಕರೆ ಉಳಿದವು ಸುಲಭ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಮ್ಮ ರೊಟ್ಟಿ ತಟ್ಟುವುದನ್ನು ಹತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದ ಹುಡುಗಿಗೂ ಮೊದಲ ರೊಟ್ಟಿ ಹರಿಯುತ್ತದೆ. ನೋಡುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತಿರುತ್ತದೆ. ಕೈಗೆ ಹಿಟ್ಟು ಬಂದಾಗಲೇ ಏನು ಗೊತ್ತಿಲ್ಲ ಅನ್ನುವುದು ಗೊತ್ತಾಗುವುದು. ಚೆನ್ನಾಗಿ ಮಾಡಿದ ವಿಡಿಯೋ ಕೂಡ ಹೀಗೇ. ಅದು ನುಣ್ಣಗೆ ಓಡುತ್ತದೆ. ಕಾರು ಚಲಿಸುತ್ತದೆ, ನಕ್ಷೆ ತಾನೇ ಬರೆದುಕೊಳ್ಳುತ್ತದೆ, ಬಾಣ ತಾನೇ ಮೂಡುತ್ತದೆ. ಮಗು ಮಾಡಬೇಕಾದ ಕೆಲಸವನ್ನೆಲ್ಲ ವಿಡಿಯೋನೇ ಮಾಡಿ ಮುಗಿಸುತ್ತದೆ. 18 ನಿಮಿಷದಲ್ಲಿ ಒಂದು ಸಲವೂ ಯಾರೂ ಆ ಮಗುವನ್ನು 'ಮುಂದೆ ಏನಾಗುತ್ತೆ, ನೀನು ಹೇಳು' ಅಂತ ಕೇಳಿಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ಮುಚ್ಚಿಟ್ಟು ಬರೆದವರು ಮುಂದೆ ಬಂದರು. ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ನಂಬಿಕೆಯೂ ಜಾಸ್ತಿ ಇತ್ತು. ನಿಮ್ಮ ತರಗತಿಯಲ್ಲಿ ಆದದ್ದೂ ಇದೇ ಬಗೆಯದು. ವಿಡಿಯೋ ಮುಗಿದ ಕೂಡಲೇ ಕೇಳಿದ್ದರೆ ನಿಮಗೆ ಇನ್ನೂ ಹೆಚ್ಚು ಸರಿ ಉತ್ತರ ಸಿಗುತ್ತಿದ್ದವು, ನೀವೂ ನಿಶ್ಚಿಂತೆಯಿಂದ ಮುಂದಿನ ಪಾಠಕ್ಕೆ ಹೋಗುತ್ತಿದ್ದಿರಿ.

ನಾನು ಹತ್ತು ವರ್ಷ ದಾವಣಗೆರೆ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿ, ಆಮೇಲೆ ಶಿಕ್ಷಕರ ತರಬೇತಿಗೆ ಬಂದವನು. ಈ ವಿಷಯ ನನಗೆ ಅರ್ಥವಾದದ್ದು ಜಗಳೂರು ತಾಲ್ಲೂಕಿನ ಒಂದು ಶಾಲೆಯಲ್ಲಿ. ಹತ್ತನೇ ತರಗತಿ, 'ವಿದ್ಯುಚ್ಛಕ್ತಿ' ಪಾಠ. ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿರುವ ಫೆಟ್ ಅನ್ನುವ ಉಚಿತ ಸಿಮ್ಯುಲೇಷನ್‌ಗಳಿವೆ. ಅದರಲ್ಲಿ ಒಂದು, ಪರದೆ ಮೇಲೆ ಬ್ಯಾಟರಿ, ವೈರು, ಬಲ್ಬು ಜೋಡಿಸಿ ವಿದ್ಯುತ್ ಮಂಡಲ (ಸರ್ಕ್ಯೂಟ್) ಮಾಡುವುದು. ಅದನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಒಂದು ಬ್ಯಾಟರಿ, ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಒಂದೇ ತರದ ಎರಡು ಬಲ್ಬು ಜೋಡಿಸಿದೆ. ಸ್ವಿಚ್ ಹಾಕಲಿಲ್ಲ. ಹಾಕುವ ಮೊದಲು ಕೇಳಿದೆ: 'ಯಾವ ಬಲ್ಬು ಜಾಸ್ತಿ ಬೆಳಗುತ್ತೆ? ಬ್ಯಾಟರಿಯ ಪ್ಲಸ್ ಪಕ್ಕದ್ದು ಅನ್ನುವವರು ಒಂದು ಬೆರಳು, ಆಚೆಯದು ಅನ್ನುವವರು ಎರಡು ಬೆರಳು, ಎರಡೂ ಒಂದೇ ಸಮ ಅನ್ನುವವರು ಮೂರು ಬೆರಳು. ಬೆರಳನ್ನು ಎದೆಗೆ ಒತ್ತಿ ಹಿಡೀರಿ, ಪಕ್ಕದವರಿಗೆ ಕಾಣಬಾರದು.'

ಮುಕ್ಕಾಲು ಪಾಲು ಮಕ್ಕಳದು ಒಂದು ಬೆರಳು. ಚೆನ್ನಾಗಿ ಓದುವ ಮಕ್ಕಳೂ ಅದರಲ್ಲಿದ್ದರು. ಓಮನ ನಿಯಮ ಕೇಳಿದ್ದರೆ ಇದೇ ಮಕ್ಕಳು ಪಟಪಟ ಹೇಳುತ್ತಿದ್ದರು. ಎರಡನೇ ಸಾಲಿನ ಒಬ್ಬ ಹುಡುಗಿಯನ್ನು 'ಯಾಕಮ್ಮ ಹಂಗೆ?' ಅಂತ ಕೇಳಿದೆ. ಎದ್ದು ನಿಂತಳು. 'ಸರ್, ನಮ್ ತೋಟ್ದಾಗೆ ಡ್ರಿಪ್ ಬಿಡ್ತೀವಲ್ಲ, ಮೊದ್ಲನೇ ಗಿಡಕ್ಕೆ ಜಾಸ್ತಿ ಬೀಳ್ತೈತೆ, ಕೊನೇ ಗಿಡಕ್ಕೆ ಕಮ್ಮಿ. ಕರೆಂಟೂ ಹಂಗೇ ಅಲ್ವಾ ಸರ್?'

ನಾನು ಆ ಪಾಠವನ್ನು ಅದಕ್ಕೆ ಮುಂಚೆ ಎಷ್ಟೋ ಸಲ ಮಾಡಿದ್ದೆ. ಮಕ್ಕಳ ತಲೆಯಲ್ಲಿ ಡ್ರಿಪ್ ಪೈಪ್ ಓಡುತ್ತಿದೆ ಅಂತ ಒಂದು ಸಲವೂ ನನಗೆ ಗೊತ್ತಾಗಿರಲಿಲ್ಲ. ಅವಳ ಯೋಚನೆ ದಡ್ಡತನದ್ದಲ್ಲ. ದಾಳಿಂಬೆ ತೋಟದಲ್ಲಿ ದಿನಾ ಕಂಡ ಸತ್ಯ ಅದು. ಸ್ವಿಚ್ ಒತ್ತಿದೆ, ಎರಡೂ ಬಲ್ಬು ಒಂದೇ ಸಮ ಬೆಳಗಿದವು. ತರಗತಿ ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಗದ್ದಲ. ಆಗ ಅವಳ ಡ್ರಿಪ್ಪನ್ನೇ ಹಿಡಿದುಕೊಂಡು ಹೋದೆವು: ಡ್ರಿಪ್‌ನಲ್ಲಿ ನೀರು ಪ್ರತಿ ಗಿಡದ ಬುಡದಲ್ಲೂ ಪೈಪಿನಿಂದ ಹೊರಗೆ ಹೋಗುತ್ತದೆ. ಇಲ್ಲಿ ವಿದ್ಯುತ್ ಆವೇಶ (ಚಾರ್ಜ್) ವೈರಿನಿಂದ ಎಲ್ಲಿ ಹೊರಗೆ ಹೋಯಿತು? ಎಲ್ಲೂ ಇಲ್ಲ. ಬ್ಯಾಟರಿಯಿಂದ ಹೊರಟದ್ದು ಸುತ್ತು ಹಾಕಿ ಬ್ಯಾಟರಿಗೇ ಬರುತ್ತದೆ. ಬಲ್ಬಿನಲ್ಲಿ ಕಳೆದುಹೋಗುವುದು ಶಕ್ತಿ, ಕರೆಂಟ್ ಅಲ್ಲ. ಆ ಮಾತು ಆವತ್ತು ನಾಟಿತು, ಯಾಕೆಂದರೆ ಅದಕ್ಕೆ ಮುಂಚೆ ಅವರೆಲ್ಲ ಬೆರಳೆತ್ತಿ ಒಂದು ಪಕ್ಷ ಹಿಡಿದಿದ್ದರು.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ತರಗತಿಯೊಳಗೆ ತರುವ ಯಾವುದೇ ಸಾಧನ ಮಕ್ಕಳಿಗೆ ಏನು ತೋರಿಸುತ್ತದೆ ಅಂತ ಆಮೇಲೆ ನೋಡಿ. ಮಕ್ಕಳು ಏನು ಯೋಚಿಸುತ್ತಿದ್ದಾರೆ ಅನ್ನುವುದನ್ನು ಅದು ನಿಮಗೆ ತೋರಿಸುತ್ತದಾ ಅಂತ ಮೊದಲು ನೋಡಿ. ತೋರಿಸುವುದಾದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದು ಎಷ್ಟೇ ಚೆಂದ ಇದ್ದರೂ ನಿಮ್ಮ ಒಂದು ಪಿರಿಯಡ್ ತಿನ್ನುತ್ತದೆ.

ಇದಕ್ಕೆ ಅಡ್ಡ ಬರುವ ಕೆಲವು ನಂಬಿಕೆಗಳನ್ನು ನಾನು ತರಬೇತಿಗಳಲ್ಲಿ ಪದೇ ಪದೇ ಕೇಳುತ್ತೇನೆ. ಒಂದು, 'ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅದಕ್ಕೇ ವಿಡಿಯೋ ಬೇಕು' ಅನ್ನುವುದು. ಬಿ.ಎಡ್ ನೋಟ್ಸಿನಲ್ಲೂ ಇದನ್ನು ಓದಿರುತ್ತೀರಿ. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಮಗುವಿನ 'ಶೈಲಿ'ಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತದೆ ಅನ್ನಲು ತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ಚಿತ್ರ ಬೇಕೋ ಮಾತು ಬೇಕೋ ಅನ್ನುವುದನ್ನು ಪಾಠ ಹೇಳುತ್ತದೆ. ಮಂಡಲಕ್ಕೆ ಚಿತ್ರ ಎಲ್ಲರಿಗೂ ಬೇಕು. ಪದ್ಯಕ್ಕೆ ಕಿವಿ ಎಲ್ಲರಿಗೂ ಬೇಕು.

ಇನ್ನೊಂದು, ಸಲಕರಣೆ ಬಂದರೆ ಕಲಿಕೆ ತಾನಾಗೇ ಬರುತ್ತದೆ ಅನ್ನುವುದು. ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಹೋಲಿಸಿ 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಮುಂದಿರಲಿಲ್ಲ. ಹಾಗಂತ ಕಂಪ್ಯೂಟರ್ ದಂಡ ಅನ್ನಬೇಡಿ. 2019ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ ಒಂದಿದೆ. ಅಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಕೇಂದ್ರಕ್ಕೆ ಬಂದು, ಅರ್ಧ ಹೊತ್ತು ಕಂಪ್ಯೂಟರಿನಲ್ಲಿ, ಅರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಕಲಿತರು. ಕೆಲವೇ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಚೆನ್ನಾಗಿ ಮೇಲೆ ಬಂದರು. ಆ ತಂತ್ರಾಂಶ ಮಾಡಿದ್ದು ಏನು ಗೊತ್ತಾ? ಪ್ರತಿ ಮಗು ನಿಜವಾಗಿ ಯಾವ ಹಂತದಲ್ಲಿದೆ ಅಂತ ಮೊದಲು ಪತ್ತೆ ಹಚ್ಚಿ, ಅಲ್ಲಿಂದ ಪ್ರಶ್ನೆ ಕೊಟ್ಟದ್ದು. ಅಂದರೆ ಅದೂ ಮಗುವಿನ ತಲೆಯೊಳಗೆ ಇಣುಕಿದ್ದೇ.

ಈಗ ನಿಮ್ಮ 'ಚಲನೆ' ಪಾಠಕ್ಕೆ ಬರೋಣ. ವಿಡಿಯೋ ಬಿಡಬೇಕಾಗಿಲ್ಲ. 18 ನಿಮಿಷದ್ದನ್ನು ಬಿಡಿ, ಎರಡು ನಿಮಿಷದ್ದನ್ನು ಹಿಡಿಯಿರಿ. ನಿಮ್ಮ ತಾಲ್ಲೂಕಿಗಿಂತ ಒಳ್ಳೆಯ ಜಾಗ ಈ ಪಾಠಕ್ಕೆ ಬೇರೆ ಸಿಗುವುದಿಲ್ಲ. ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಪ್ರಯೋಗಕ್ಕೆ ಇಸ್ರೋ ಮಾಡಿದ ರೆಕ್ಕೆಯುಳ್ಳ ಪುಷ್ಪಕ್ ಮೂರು ಸಲ, 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ, ಇಳಿದದ್ದು ಚಳ್ಳಕೆರೆಯ ಏರೋನಾಟಿಕಲ್ ಟೆಸ್ಟ್ ರೇಂಜಿನ ರನ್‌ವೇ ಮೇಲೆ. ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು, ಅದು ತಾನೇ ದಾರಿ ಹುಡುಕಿಕೊಂಡು ಬಂದು ಇಳಿಯಿತು. ಮೂರನೇ ಸಲ ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ ಇತ್ತು. ಹಿಂಭಾಗದ ಪ್ಯಾರಾಚೂಟ್ ಬಿಚ್ಚಿಕೊಂಡು ಅದನ್ನು 100ರ ಹತ್ತಿರಕ್ಕೆ ಇಳಿಸಿತು, ಆಮೇಲೆ ಚಕ್ರದ ಬ್ರೇಕ್ ಹಿಡಿಯಿತು. ಇಸ್ರೋ ಇದರ ವಿಡಿಯೋಗಳನ್ನು ಎಲ್ಲರಿಗೂ ನೋಡಲು ಹಾಕಿದೆ.

ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ತರಗತಿಯಲ್ಲಿ ಚಕ್ರ ನೆಲ ಮುಟ್ಟುವ ಕ್ಷಣಕ್ಕೆ ನಿಲ್ಲಿಸಿ. ಕೇಳಿ: 'ಈಗ ವಾಹನ ಮುಂದಕ್ಕೆ ಹೋಗ್ತಾ ಇದೆ. ಪ್ಯಾರಾಚೂಟ್ ಬಿಚ್ಚಿದ ಮೇಲೆ ವೇಗೋತ್ಕರ್ಷ (ವೇಗ ಬದಲಾಗುವ ದರ) ಯಾವ ಕಡೆಗೆ? ಮುಂದಕ್ಕಾ, ಹಿಂದಕ್ಕಾ, ಇಲ್ಲವೇ ಇಲ್ಲವಾ?' ಮತ್ತೆ ಬೆರಳು. 'ಮುಂದಕ್ಕೆ ಹೋಗ್ತಿದೆಯಲ್ಲ ಮಿಸ್, ಮುಂದಕ್ಕೇ' ಅನ್ನುವವರು ಬಹಳ ಜನ ಇರುತ್ತಾರೆ. ವೇಗ ಇಳಿಯುತ್ತಿದೆ, ಹಾಗಾಗಿ ವೇಗೋತ್ಕರ್ಷ ಹಿಂದಕ್ಕೆ. ಪಾಠ ಅಲ್ಲಿಂದ ಶುರು. ಆಮೇಲೆ 320 ಅನ್ನು ಸೆಕೆಂಡಿಗೆ ಮೀಟರಿಗೆ ಬದಲಿಸಲಿ, ಸುಮಾರು 89 ಬರುತ್ತದೆ. 100 ಅಂದರೆ ಸುಮಾರು 28. ಈ ಎರಡು ಬಿಂದುಗಳ ನಡುವೆ ಗೆರೆ ಇಳಿಯುತ್ತದಾ ಏರುತ್ತದಾ ಅಂತ ನೋಟ್‌ಬುಕ್ಕಿನಲ್ಲಿ ಮೊದಲು ತಾವೇ ಎಳೆಯಲಿ, ಆಮೇಲೆ ವಿಡಿಯೋದ ಉಳಿದ ಭಾಗ ಓಡಿಸಿ.

ನಕ್ಷೆ ಓದಲು ಬರುವುದಿಲ್ಲ ಅನ್ನುವುದು ಬೇರೆಯೇ ಒಂದು ಕಾಯಿಲೆ. ಅದಕ್ಕೆ ಭೌತಶಾಸ್ತ್ರದ ವಿಡಿಯೋ ಮದ್ದಲ್ಲ. ನಮ್ಮ ಕಡೆ ಪತ್ರಿಕೆಗಳಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರದ ನೀರಿನ ಮಟ್ಟ ಬರುತ್ತದಲ್ಲ, ಅದನ್ನು ಮಳೆಗಾಲದಲ್ಲಿ ದಿನಾ ಒಬ್ಬ ಮಗು ತಂದು ಗೋಡೆ ಮೇಲಿನ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡಲಿ. ಪೂರ್ಣ ಮಟ್ಟ 130 ಅಡಿ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಮಾರಿಕಣಿವೆ (ಈ ಅಣೆಕಟ್ಟಿನ ಇನ್ನೊಂದು ಹೆಸರು) ಕೋಡಿ ನೋಡಲು ಹೋದ ಮಕ್ಕಳು ನಿಮ್ಮ ತರಗತಿಯಲ್ಲೂ ಇರುತ್ತಾರೆ, ಅವರಿಗೆ ಆ ಗೆರೆ ಬರೀ ಗೆರೆಯಾಗಿರುವುದಿಲ್ಲ. ಗೆರೆ ಕಡಿದಾದರೆ ನೀರು ಜೋರಾಗಿ ಬರುತ್ತಿದೆ, ಚಪ್ಪಟೆಯಾದರೆ ನಿಂತಿದೆ, ಇಳಿದರೆ ಕಾಲುವೆಗೆ ಬಿಟ್ಟಿದ್ದಾರೆ. ಒಂದು ತಿಂಗಳ ಚುಕ್ಕೆ ಸೇರಿದ ಮೇಲೆ ಅದೇ ಅಂಕಿಗಳನ್ನು ಆರು ಆರು ಮಕ್ಕಳ ಗುಂಪು ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟಿಗೆ ಹಾಕಿ ನಕ್ಷೆ ತೆಗೆಯಲಿ. ಕೈಯಲ್ಲಿ ಎಳೆದದ್ದು ಮೊದಲು, ಕಂಪ್ಯೂಟರ್ ಆಮೇಲೆ. ಹಿಂದುಮುಂದಾದರೆ ಮತ್ತೆ ಯಂತ್ರವೇ ಕೆಲಸ ಮಾಡಿ ಮುಗಿಸುತ್ತದೆ. ಇಲ್ಲಿರುವ ತೊಂದರೆ ಸಮಯ. ಎರಡು ಲ್ಯಾಪ್‌ಟಾಪಿನಲ್ಲಿ 54 ಮಕ್ಕಳಿಗೆ ಪಾಳಿ ಬರಲು ಎರಡು ವಾರ ಬೇಕು. ಎಸ್‌ಎಸ್‌ಎಲ್‌ಸಿ ಒತ್ತಡ ಇಲ್ಲದ ಒಂಬತ್ತನೇ ತರಗತಿಯಲ್ಲೇ ಇದು ಆಗುವುದು.

ನೀವು ಬರೆಯದೇ ಬಿಟ್ಟ ಒಂದು ಸಾಧನ ನಿಮ್ಮ ಕೈಯಲ್ಲೇ ಇದೆ, ಫೋನಿನ ಕ್ಯಾಮೆರಾ. ಮಕ್ಕಳು ಲೆಕ್ಕ ಮಾಡುವಾಗ ಓಡಾಡಿ. ಬೇರೆ ಬೇರೆ ರೀತಿ ಮಾಡಿದ ಮೂರು ನೋಟ್‌ಬುಕ್ ಪುಟಗಳ ಫೋಟೋ ತೆಗೆಯಿರಿ, ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಕಳಿಸಿ ಪರದೆ ಮೇಲೆ ಹಾಕಿ. 'ಇವರಲ್ಲಿ ಯಾರ ದಾರಿ ಎಲ್ಲಿ ಬೇರೆಯಾಯಿತು?' ಅಂತ ಕೇಳಿ. ನಾನು ನೋಡಿದ ತಂತ್ರಜ್ಞಾನದ ಬಳಕೆಗಳಲ್ಲಿ ಖರ್ಚಿಲ್ಲದೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಆದರೆ ಇದರಲ್ಲಿ ಅಪಾಯವೂ ಇದೆ. ತಪ್ಪು ಮಾಡಿದ ಮಗುವಿನ ಪುಟ ಇಡೀ ತರಗತಿಗೆ ಕಂಡರೆ ಆ ಮಗು ಮತ್ತೆ ನಿಮ್ಮ ಮುಂದೆ ನೋಟ್‌ಬುಕ್ ತೆರೆಯುವುದಿಲ್ಲ. ಹೆಸರು ಕಾಣಬಾರದು. ಮೊದಲೇ ಆ ಮಗುವನ್ನು ಮೆತ್ತಗೆ ಕೇಳಬೇಕು. ಅಕ್ಷರ ಗುರುತು ಸಿಗುತ್ತದೆ ಅನ್ನಿಸಿದರೆ ಆ ತಪ್ಪನ್ನು ನೀವೇ ಇನ್ನೊಂದು ಹಾಳೆಯಲ್ಲಿ ಬರೆದು ತೋರಿಸಿ.

ಬೆರಳಿನ ಬದಲು ಎ, ಬಿ, ಸಿ, ಡಿ ಅಂತ ಬರೆದು ಮಡಚಿದ ರಟ್ಟಿನ ಕಾರ್ಡು ಮಾಡಿಸಬಹುದು. ಪ್ಲಿಕರ್ಸ್ ಅನ್ನುವ ಆ್ಯಪ್‌ನಲ್ಲಿ ಪ್ರತಿ ಮಗುವಿಗೂ ಬೇರೆ ಬೇರೆ ಗುರುತಿನ ಕಾಗದದ ಕಾರ್ಡು ಇರುತ್ತದೆ. ಮಕ್ಕಳು ಎತ್ತಿ ಹಿಡಿದರೆ ನಿಮ್ಮ ಒಂದು ಫೋನ್ ಎಲ್ಲರ ಉತ್ತರ ಓದಿಕೊಳ್ಳುತ್ತದೆ, ಮಕ್ಕಳಿಗೆ ಫೋನ್ ಬೇಡ. ಅದನ್ನು ಬಳಸಿದರೆ ಮಕ್ಕಳ ಹೆಸರು ತುಂಬಬೇಡಿ, ರೋಲ್ ನಂಬರ್ ಸಾಕು. ಆದರೆ ಶುರುವಿನಲ್ಲಿ ಬೆರಳೇ ಸಾಕು ಅನ್ನುತ್ತೇನೆ. ಕಷ್ಟ ಇರುವುದು ಕಾರ್ಡಿನಲ್ಲಲ್ಲ, ಪ್ರಶ್ನೆಯಲ್ಲಿ. ತಪ್ಪು ಉತ್ತರಗಳೂ ಮಕ್ಕಳಿಗೆ ನಿಜ ಅನ್ನಿಸುವಂತಿರಬೇಕು.

ಇಲ್ಲಿಯೇ ಚಾಟ್‌ಜಿಪಿಟಿ ನಿಮಗೆ ಉಪಯೋಗಕ್ಕೆ ಬರುವುದು. ಬಳಸುವುದು ತಪ್ಪಲ್ಲ. 'ಪ್ರಶ್ನೆಪತ್ರಿಕೆ ಮಾಡಿಕೊಡು' ಅನ್ನುವ ಬದಲು 'ಒಂಬತ್ತನೇ ತರಗತಿಯ ಮಗು ವೇಗೋತ್ಕರ್ಷದ ಬಗ್ಗೆ ಏನೇನು ತಪ್ಪು ತಿಳಿದುಕೊಂಡಿರಬಹುದು' ಅಂತ ಕೇಳಿ. ಹತ್ತು ಕೊಟ್ಟರೆ ಮೂರು ನಿಮ್ಮ ತರಗತಿಗೆ ಸರಿಹೊಂದುತ್ತವೆ. ಆದರೆ ಭಾಷೆಯ ವಿಷಯದಲ್ಲಿ ಕಣ್ಣಿಟ್ಟಿರಿ. ನಮ್ಮ ಪಠ್ಯಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ವೇಗಕ್ಕೆ ದಿಕ್ಕಿದೆ, ಜವಕ್ಕೆ ಇಲ್ಲ. ಆಡುಮಾತಿನಲ್ಲಿ ನಾವೆಲ್ಲ ಎರಡಕ್ಕೂ ವೇಗ ಅಂತಲೇ ಅನ್ನುತ್ತೇವೆ, ಈ ಯಂತ್ರವೂ ಹಾಗೇ ಬೆರೆಸಿಬಿಡಬಹುದು. ಆ ಪ್ರಶ್ನೆಯನ್ನು ಹಾಗೇ ಬೋರ್ಡಿಗೆ ಇಳಿಸಿದರೆ ನೀವೇ ಮಕ್ಕಳಿಗೆ ಗೊಂದಲ ಹಚ್ಚಿದಂತೆ. ಲೆಕ್ಕಗಳನ್ನೂ ಅಷ್ಟೇ, ಪ್ರತಿಯೊಂದನ್ನೂ ನೀವು ಪೆನ್ನು ಹಿಡಿದು ಬಿಡಿಸಿ ನೋಡದೆ ಕೊಡಬೇಡಿ. ಮಕ್ಕಳ ಹೆಸರು, ಅಂಕಪಟ್ಟಿ ಅದಕ್ಕೆ ಹಾಕಲೇಬೇಡಿ. ಮಕ್ಕಳಿಂದ ಲಾಗಿನ್ ಮಾಡಿಸುವುದೂ ಬೇಡ. 13 ವರ್ಷದೊಳಗಿನವರು ಬಳಸುವಂತಿಲ್ಲ, 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಆ ಕಂಪನಿಯ ನಿಯಮವೇ ಹೇಳುತ್ತದೆ.

ವಾಟ್ಸಾಪ್ ಹೋಂವರ್ಕ್ ವಿಷಯದಲ್ಲಿ ನನ್ನ ಮಾತು ನೇರವಾಗಿದೆ: ಬೇಡ. ನಿಮ್ಮ ಊರಿನಂಥ ಊರುಗಳಲ್ಲಿ ಫೋನ್ ಅಪ್ಪನದು. ಅಪ್ಪ ಶೇಂಗಾ ಹೊಲದಿಂದಲೋ ಗಾಡಿ ಕೆಲಸದಿಂದಲೋ ಬರುವುದು ರಾತ್ರಿ ಎಂಟಕ್ಕೆ. ಫೋನ್ ಇರುವ ಮಗು ಹೋಂವರ್ಕ್ ಅಂತ ತೆಗೆದುಕೊಂಡು ರೀಲ್ಸಿಗೆ ಹೋಗುತ್ತದೆ. ಇಲ್ಲದ ಮಗು ಬೆಳಿಗ್ಗೆ ನಿಮ್ಮ ಮುಂದೆ ತಲೆ ತಗ್ಗಿಸಿ ನಿಲ್ಲುತ್ತದೆ. ಇನ್ನೂ ಒಂದು ಮಾತು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯ ನಂಬರ್ ಹೀಗೆ ಕೈಯಿಂದ ಕೈಗೆ ಹೋಗಿ, ಆ ಕಾರಣಕ್ಕೇ ಮನೆಯವರು ಹುಡುಗಿಯ ಓದು ನಿಲ್ಲಿಸುವ ಮಾತಾಡಿದ್ದನ್ನು ನಾನು ಕಂಡಿದ್ದೇನೆ. ಪೋಷಕರಿಗೆ ಸುದ್ದಿ ಮುಟ್ಟಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಳ್ಳಿ, ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ, ಪೋಷಕರ ಸಭೆಯಲ್ಲಿ ಅದನ್ನು ಮಾಡಿಸಿಬಿಡಿ. ಓದಲು ಬಾರದ ತಾಯಂದಿರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. 'ಇವತ್ತು ನಿಮ್ಮ ಮಗಳು ಒಳ್ಳೆ ಪ್ರಶ್ನೆ ಕೇಳಿದಳು' ಅಂತ ಒಂದು ಮಾತು ಹೋದರೆ ಆ ಮನೆಯಲ್ಲಿ ಓದಿಗೆ ಸಿಗುವ ಮರ್ಯಾದೆಯೇ ಬೇರೆ.

ಫೋಟೋ ವಿಷಯಕ್ಕೆ ಹೆಚ್.ಎಂ. ಜೊತೆ ಜಟಾಪಟಿ ಬೇಡ. ಅವರಿಗೂ ಮೇಲಿನವರ ಒತ್ತಡ ಇರುತ್ತದೆ. ಮಕ್ಕಳ ಬೆನ್ನ ಹಿಂದಿನಿಂದ, ಪರದೆ ಕಾಣುವಂತೆ, ಮುಖ ಕಾಣದಂತೆ ಫೋಟೋ ತೆಗೆದು ಕೊಡಿ. ಕೇಳಿದರೆ ಹೇಳಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ, ಅದಕ್ಕೇ ಎಚ್ಚರ ಸರ್, ಅಂತ. ಒಳ್ಳೆಯ ಹೆಚ್.ಎಂ. ಇದನ್ನು ತಮ್ಮ ರಕ್ಷಣೆಗೂ ಆಯಿತು ಅಂತಲೇ ತೆಗೆದುಕೊಳ್ಳುತ್ತಾರೆ.

ಹಿರಿಯ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಬಿಟ್ಟುಕೊಡಬೇಡಿ. ಬೋರ್ಡಿನ ಮೇಲೆ ಒಂದೊಂದೇ ಹೆಜ್ಜೆ ಮೂಡುವುದನ್ನು ನೋಡಿದ ಮಗುವಿಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ. ಪಿಪಿಟಿಯಲ್ಲಿ ಎಲ್ಲ ಹೆಜ್ಜೆಗಳೂ ಒಂದೇ ಸಲ ದಬಕ್ಕಂತ ಬಂದು ಬೀಳುತ್ತವೆ. ಅವರ ತರಗತಿಯಲ್ಲಿ ಒಂದು ಪಿರಿಯಡ್ ಹಿಂದೆ ಕೂತು ಅವರ ಬೋರ್ಡ್ ಕೆಲಸ ನೋಡಿ. ಆಮೇಲೆ ನಿಮ್ಮ ಬೆರಳಿನ ಪ್ರಶ್ನೆಯ ಪಾಠಕ್ಕೆ ಅವರನ್ನು ಕರೆಯಿರಿ, ಬೆರಳು ಎಣಿಸಲು ಸಹಾಯ ಮಾಡಿ ಸರ್ ಅನ್ನಿ. ಇಷ್ಟು ಜನ ಮಕ್ಕಳು ತಪ್ಪು ಬೆರಳು ಎತ್ತಿದ್ದನ್ನು ಅವರೂ ಕಣ್ಣಾರೆ ನೋಡಲಿ.

ಇನ್ನು ಸಣ್ಣಪುಟ್ಟ ವಿಷಯಗಳು, ಆದರೆ ಪಾಠ ಕೆಡುವುದು ಇವುಗಳಿಂದಲೇ. ಪಿರಿಯಡ್ ಇರುವುದು 40 ನಿಮಿಷ. ಬೀರು ಬೀಗ ತೆಗೆಸಿ, ವೈರು ಎಳೆದು, ಪರದೆ ಕಟ್ಟುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಹಾಗಾಗಿ ಪ್ರೊಜೆಕ್ಟರ್ ಪಾಠ ತಿಂಗಳಿಗೆ ಎರಡೇ ಸಾಕು, ಅದೂ ಬೆಳಗಿನ ಮೊದಲ ಪಿರಿಯಡ್ ಅಥವಾ ಊಟದ ನಂತರದ ಮೊದಲ ಪಿರಿಯಡ್, ಬಿಡುವಿನಲ್ಲೇ ಜೋಡಿಸಿಡಬಹುದು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿಸಿ. ಲ್ಯಾಪ್‌ಟಾಪಿನ ಸ್ಪೀಕರ್ ಕೊನೆ ಬೆಂಚಿಗೆ ಕೇಳುವುದಿಲ್ಲ, ಪ್ರಾರ್ಥನೆಗೆ ಬಳಸುವ ಸ್ಪೀಕರ್ ಕೇಳಿ ಇಸಕೊಳ್ಳಿ. ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಲ್ಯಾಪ್‌ಟಾಪಿನಲ್ಲಿ ಗಿಜಿಗಿಜಿ ಅಕ್ಷರವಾಗಿ ಬರುತ್ತದೆ, ಯೂನಿಕೋಡಿನಲ್ಲೇ ಟೈಪ್ ಮಾಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಹಿಂದಿನ ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡಿ, ಪೂರ್ತಿ ನೋಡಿ, ಬೇಕಾದ ಎರಡು ನಿಮಿಷ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಸಿಮ್ಯುಲೇಷನ್ ತೋರಿಸಿದ ದಿನ ನಿಜವಾದ ಸೆಲ್, ಟಾರ್ಚ್ ಬಲ್ಬು, ವೈರೂ ಮೇಜಿನ ಮೇಲಿರಲಿ. ಪರದೆ ಮೇಲಿನದು ಯಾವಾಗಲೂ ಸರಿಯಾಗೇ ಓಡುತ್ತದೆ. ವೈರು ಸಡಿಲವಾದರೆ ಬಲ್ಬು ಹತ್ತುವುದಿಲ್ಲ ಅನ್ನುವುದು ಮಕ್ಕಳ ಕೈಗೇ ಗೊತ್ತಾಗಬೇಕು.

ಕೊನೆಯದಾಗಿ ನಿಮ್ಮ ಭಯ. ಒಂದು ಸಲ ತರಬೇತಿಯಲ್ಲಿ 40 ಸ್ಲೈಡ್ ಇಟ್ಟುಕೊಂಡು ನಿಂತಿದ್ದೆ. ಮೂರನೇ ಸ್ಲೈಡಿಗೆ ಕರೆಂಟ್ ಹೋಯಿತು, ಮಧ್ಯಾಹ್ನದವರೆಗೆ ಬರಲಿಲ್ಲ. ಎದುರಿಗೆ 35 ಜನ ಶಿಕ್ಷಕರು. ನನ್ನ ಹತ್ತಿರ ಸ್ಲೈಡ್ ಬಿಟ್ಟು ಬೇರೇನೂ ಇರಲಿಲ್ಲ, ಅವರ ಎರಡು ಗಂಟೆ ಹಾಳಾಯಿತು. ಆವತ್ತಿನಿಂದ ಇವತ್ತಿನವರೆಗೂ ಪ್ರತಿ ಪಾಠಕ್ಕೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡೇ ಹೋಗುತ್ತೇನೆ: ಕೇಳುವ ಪ್ರಶ್ನೆ, ಬರಬಹುದಾದ ತಪ್ಪು ಉತ್ತರ, ಬೋರ್ಡಿನ ಮೇಲೆ ಬರೆಯುವ ಚಿತ್ರ. ಕರೆಂಟ್ ಇದ್ದರೆ ಪರದೆ, ಇಲ್ಲದಿದ್ದರೆ ಸೀಮೆಸುಣ್ಣ. ಪ್ರಶ್ನೆ ಎರಡರಲ್ಲೂ ಒಂದೇ. ವೈರು, ಸ್ವಿಚ್ ನೋಡಿಕೊಳ್ಳಲು ಹಿಂದಿನ ಬೆಂಚಿನ ಇಬ್ಬರು ಮಕ್ಕಳನ್ನು ಒಂದು ತಿಂಗಳ ಮಟ್ಟಿಗೆ ನೇಮಿಸಿ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಲ್ಯಾಪ್‌ಟಾಪ್ ನಿಂತರೆ ಅವರು ಅದನ್ನು ನೋಡಿಕೊಳ್ಳುತ್ತಿರುತ್ತಾರೆ, ನೀವು ಬೋರ್ಡಿನ ಕಡೆ ತಿರುಗಬಹುದು.

ದಸರಾ ರಜೆಯವರೆಗೆ ಒಂದೇ ಸಾಧನ ಹಿಡಿಯಿರಿ. ನಾನಾದರೆ ಬೆರಳಿನ ಪ್ರಶ್ನೆ ಮತ್ತು ನಿಲ್ಲಿಸಿ ಕೇಳುವ ಎರಡು ನಿಮಿಷದ ವಿಡಿಯೋ ಹಿಡಿಯುತ್ತಿದ್ದೆ. ಪುಷ್ಪಕ್ ವಿಡಿಯೋದಿಂದ ಮತ್ತೆ 'ಚಲನೆ' ಪಾಠ ಒಂದು ಪಿರಿಯಡ್ ಮಾಡಿ. ಎಷ್ಟು ಮಕ್ಕಳು ಯಾವ ಬೆರಳು ಎತ್ತಿದರು ಅಂತ ಡೈರಿಯಲ್ಲಿ ಬರೆದಿಡಿ. ಒಂದು ವಾರ ಬಿಟ್ಟು, ಹೇಳದೆ ಕೇಳದೆ, ಅದೇ ವೇಗ-ಕಾಲ ನಕ್ಷೆಯ ಪ್ರಶ್ನೆ ಕೊಡಿ. ಈ ಸಲ 54ರಲ್ಲಿ ಎಷ್ಟು ಬಂತು ಅಂತ ನನಗೆ ಬರೆಯಿರಿ, ತಪ್ಪು ಬರೆದವರ ಎರಡು ಮೂರು ಉತ್ತರಗಳನ್ನೂ ಹೆಸರಿಲ್ಲದೆ ಜೊತೆಗೆ ಕಳಿಸಿ. ಮುಂದಿನ ಮಾತು ಆ ಉತ್ತರಗಳನ್ನು ನೋಡಿಕೊಂಡೇ ಆಡೋಣ.